ಕಡಲಂಚಿನ ಅಪಾಯ ಯೋಜನೆಯಲ್ಲಿ ದುರ್ಬಲರ ಹಿತ: ಪದೇ ಪದೇ ಕೇಳುವ ಪ್ರಶ್ನೆಗಳು

ಕಡಲ್ಕೊರೆತ, ಉಬ್ಬರದ ನೆರೆ, ಚಂಡಮಾರುತದ ಅಲೆ ಇವುಗಳನ್ನು ಮುಂದಿಟ್ಟುಕೊಂಡು ಎಲ್ಲಿ ಗೋಡೆ ಕಟ್ಟಬೇಕು, ಎಲ್ಲಿ ಮನೆಗೆ ಅನುಮತಿ ಕೊಡಬೇಕು, ಯಾರನ್ನು ಯಾವಾಗ ಎಬ್ಬಿಸಬೇಕು ಎಂದು ತೀರ್ಮಾನಿಸುವವರಿಗೂ, ಆ ತೀರ್ಮಾನದ ಬಿಸಿ ತಟ್ಟುವವರಿಗೂ ಈ ಪುಟ.

"ದುರ್ಬಲ ನಿವಾಸಿ" ಅಂದರೆ ಯಾರು? ಬಡವರೆಂದೇ ಅರ್ಥವೇ?

ಅಲ್ಲ. ಮೂರು ಪ್ರಶ್ನೆ ಕೇಳಿ ನೋಡಿ. ನೀರು ಬರುತ್ತಿದೆ ಎಂಬ ಸುದ್ದಿ ಆ ವ್ಯಕ್ತಿಗೆ ಹೊತ್ತಿಗೆ ಸರಿಯಾಗಿ ತಲುಪುತ್ತದೆಯೇ? ತಲುಪಿದ ಮೇಲೆ ಬೇರೆಯವರ ನೆರವಿಲ್ಲದೆ ಹೊರಡಲು ಆಗುತ್ತದೆಯೇ? ನೀರಿಳಿದ ಮೇಲೆ ತನ್ನ ಖರ್ಚಿನಲ್ಲಿ ಮತ್ತೆ ಬದುಕು ಕಟ್ಟಿಕೊಳ್ಳಬಲ್ಲರೇ? ಒಂದಕ್ಕೆ "ಇಲ್ಲ" ಎಂದು ಬಂದರೂ ಆ ಮನೆಯನ್ನು ಬೇರೆಯಾಗಿಯೇ ನೋಡಬೇಕು. ದೊಡ್ಡ ಬಂಗಲೆಯಲ್ಲಿ ಒಂಟಿಯಾಗಿರುವ, ನಡೆಯಲಾಗದ ಹಿರಿಯರು ಎರಡನೇ ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತಾರೆ. ಗಟ್ಟಿಮುಟ್ಟಾದ ಬಾಡಿಗೆದಾರ ಮೂರನೆಯದರಲ್ಲಿ.

2005ರ ಕತ್ರಿನಾ ಚಂಡಮಾರುತದಲ್ಲಿ ಅಮೆರಿಕದ ಲೂಸಿಯಾನದಲ್ಲಿ ಸತ್ತವರ ಪೈಕಿ ಸುಮಾರು ಅರ್ಧದಷ್ಟು ಮಂದಿ 75 ವರ್ಷ ದಾಟಿದವರು. 1991ರಲ್ಲಿ ಬಾಂಗ್ಲಾದೇಶಕ್ಕೆ ಅಪ್ಪಳಿಸಿದ ಚಂಡಮಾರುತ ಸುಮಾರು 1,38,000 ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿ ಪ್ರಾಯದ ಹೆಂಗಸರ ಸಾವಿನ ಪ್ರಮಾಣ ಅದೇ ವಯಸ್ಸಿನ ಗಂಡಸರದ್ದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಅಲೆ ಎಲ್ಲರಿಗೂ ಒಂದೇ. ಮಗುವನ್ನು ಸೊಂಟಕ್ಕೇರಿಸಿಕೊಂಡು ಓಡುವವರಿಗೂ ಬರಿಗೈಯಲ್ಲಿ ಓಡುವವರಿಗೂ ಸಿಗುವ ಸಮಯ ಒಂದೇ ಅಲ್ಲ.

ಅಪಾಯದ ನಕ್ಷೆ ಇದೆಯಲ್ಲ, ಮತ್ತೆ ಜನರ ಲೆಕ್ಕ ಯಾಕೆ?

ನಕ್ಷೆ ನೀರಿನ ಕತೆ ಹೇಳುತ್ತದೆ, ನೀರಲ್ಲಿ ನಿಲ್ಲುವವರದ್ದಲ್ಲ. ಆಸ್ಟ್ರೇಲಿಯಾದ ನೆರೆ ಮಾರ್ಗಸೂಚಿ ಅಪಾಯವನ್ನು ಎಚ್1ರಿಂದ ಎಚ್6ರ ತನಕ ಆರು ದರ್ಜೆಗಳಾಗಿ ವಿಂಗಡಿಸುತ್ತದೆ. ನೀರಿನ ಆಳ ಎಷ್ಟು, ಆಳವನ್ನು ವೇಗದಿಂದ ಗುಣಿಸಿದರೆ ಎಷ್ಟು ಎಂಬುದು ಅಳತೆಗೋಲು. ನಿಂತ ನೀರು ಅರ್ಧ ಮೀಟರ್ ದಾಟಿದರೆ ಎಚ್3, ಅಂದರೆ ಮಕ್ಕಳಿಗೂ ವೃದ್ಧರಿಗೂ ಅಪಾಯ. ಎಲ್ಲರಿಗೂ ಅಪಾಯ ಎನ್ನುವ ಎಚ್4 ಶುರುವಾಗುವುದು 1.2 ಮೀಟರ್ ದಾಟಿದ ಮೇಲೆ. ಈ ನಡುವಿನ 70 ಸೆಂಟಿಮೀಟರ್ ಇದೆಯಲ್ಲ, ತೀರ್ಮಾನಗಳು ಎಡವುವುದು ಅಲ್ಲೇ. "ಮಧ್ಯಮ ಅಪಾಯ" ಎಂದು ಹಳದಿ ಬಳಿದ ಜಾಗದಲ್ಲಿ ಅಂಗನವಾಡಿಯೋ ವೃದ್ಧಾಶ್ರಮವೋ ಇದ್ದರೆ ಅವರ ಪಾಲಿಗೆ ಅದು ಕೆಂಪೇ.

ಹಾಗಾಗಿ ಒಂದೇ ಗೆರೆಯ ನಕ್ಷೆ ಸಾಲದು. ಮಕ್ಕಳು ಮತ್ತು ವೃದ್ಧರ ಮಿತಿಗೆ ಒಂದು ಗೆರೆ, ವಾಹನ ಓಡುವ ಮಿತಿಗೆ ಇನ್ನೊಂದು ಗೆರೆ ಎಳೆಯಿರಿ. ಸಣ್ಣ ಕಾರು 30 ಸೆಂ.ಮೀ ನೀರಲ್ಲೇ ಕೈಕೊಡುತ್ತದೆ. ಮನೆ ಒಣಗಿದ್ದು ರಸ್ತೆ ಮುಳುಗಿದರೆ, ಗಾಲಿಕುರ್ಚಿಯವರಿಗೆ ಆ ಮನೆ ದ್ವೀಪವಾಗಿಬಿಡುತ್ತದೆ.

ಜನಗಣತಿಯ ಅಂಕಿಅಂಶ ಬಳಸಿದರೆ ಆಗದೇ?

ಶುರು ಮಾಡಲು ಆಗುತ್ತದೆ, ಮುಗಿಸಲು ಆಗದು. ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿಯ ಸಾಮಾಜಿಕ ದುರ್ಬಲತೆ ಸೂಚ್ಯಂಕ 16 ಅಂಶಗಳನ್ನು ನಾಲ್ಕು ಗುಂಪು ಮಾಡಿ ಪ್ರದೇಶಗಳಿಗೆ ಅಂಕ ಕೊಡುತ್ತದೆ. ಅದು ಎಲ್ಲಿ ಮೊದಲು ಬಾಗಿಲು ತಟ್ಟಬೇಕೆಂದು ತೋರಿಸುವ ಸಾಧನ, ಅಷ್ಟೇ. ಸಾವಿರಾರು ಜನರ ಸರಾಸರಿಯಲ್ಲಿ ದಡದ ಸಾಲಿನ ಇಪ್ಪತ್ತು ಗುಡಿಸಲು ಕರಗಿಹೋಗುತ್ತವೆ. ಹಿಂದಿನ ಬೀದಿಯ ಶ್ರೀಮಂತರು ಇಡೀ ವಾರ್ಡಿನ ಅಂಕವನ್ನೇ ಚೆನ್ನಾಗಿ ಕಾಣಿಸುತ್ತಾರೆ.

ಅಪಾಯ ವಲಯದೊಳಗಿನ ಮನೆಮನೆ ಎಣಿಕೆಗೆ ಬದಲಿ ಇಲ್ಲ. ಪ್ರಶ್ನೆಪಟ್ಟಿ ಒಂದೇ ಪುಟವಿರಲಿ. ಅಂಗವೈಕಲ್ಯ ಇದೆಯೇ ಎಂದು ನೇರವಾಗಿ ಕೇಳಬೇಡಿ. ಎಷ್ಟೋ ಜನ "ಇಲ್ಲ" ಎಂದುಬಿಡುತ್ತಾರೆ. ಅದರ ಬದಲು ಅಂಗವೈಕಲ್ಯದ ಅಂಕಿಅಂಶಕ್ಕಾಗಿ ವಿಶ್ವಸಂಸ್ಥೆಯಡಿ ರಚನೆಯಾದ ವಾಷಿಂಗ್ಟನ್ ಗ್ರೂಪ್‌ನ ಆರು ಪ್ರಶ್ನೆ ಬಳಸಿ: ನೋಡಲು, ಕೇಳಲು, ನಡೆಯಲು ಅಥವಾ ಮೆಟ್ಟಿಲು ಹತ್ತಲು, ನೆನಪಿಟ್ಟುಕೊಳ್ಳಲು, ಸ್ನಾನ-ಬಟ್ಟೆಯಂಥ ಸ್ವಂತ ಕೆಲಸ ಮಾಡಿಕೊಳ್ಳಲು, ಮಾತಾಡಿ ಅರ್ಥ ಮಾಡಿಸಲು ಎಷ್ಟು ಕಷ್ಟ? ಉತ್ತರಕ್ಕೆ ನಾಲ್ಕು ಮಟ್ಟ: ಕಷ್ಟವಿಲ್ಲ, ಸ್ವಲ್ಪ, ತುಂಬಾ, ಆಗುವುದೇ ಇಲ್ಲ. ಇದಕ್ಕೆ ಇನ್ನಷ್ಟು ಸೇರಿಸಿ: ಮನೆ ಸ್ವಂತದ್ದೋ ಬಾಡಿಗೆಯೋ, ದಾಖಲೆ ಇದೆಯೋ ಇಲ್ಲವೋ, ಕರೆಂಟಿನಿಂದ ನಡೆಯುವ ಆಕ್ಸಿಜನ್ ಯಂತ್ರ, ವಾರಕ್ಕೆ ಮೂರು ಸಲದ ಡಯಾಲಿಸಿಸ್, ತಣ್ಣಗಿಡಬೇಕಾದ ಇನ್ಸುಲಿನ್ ಇವೆಯೇ, ದುಡಿಮೆ ಕಡಲನ್ನೇ ನಂಬಿದೆಯೇ, ಮನೆಗೆ ಮಹಡಿ ಇದೆಯೇ.

ಎಣಿಕೆ ಹಗಲು ಮಾತ್ರ ಮಾಡಿದರೆ ಕೂಲಿಗೆ ಹೋದವರು ತಪ್ಪಿಹೋಗುತ್ತಾರೆ, ಒಂದೇ ಋತುವಿನಲ್ಲಿ ಮಾಡಿದರೆ ವಲಸೆ ಕೆಲಸಗಾರರು. ಸಂಜೆ ಒಂದು ಸುತ್ತು, ಬೇರೆ ಋತುವಿನಲ್ಲಿ ಇನ್ನೊಂದು ಸುತ್ತು ಹಾಕಿ. ಹೆಸರಿರುವ ಪಟ್ಟಿ ರಕ್ಷಣಾ ತಂಡದ ಕೈಯಲ್ಲಿ ಮಾತ್ರ ಇರಲಿ. ಒಂಟಿ ಮುದುಕಿ ಯಾವ ಮನೆಯಲ್ಲಿದ್ದಾಳೆ ಎಂಬುದು ಕಳ್ಳನಿಗೂ ಬೇಕಾದ ಮಾಹಿತಿಯೇ. ಯೋಜನಾ ವರದಿಗೆ ಒಟ್ಟು ಸಂಖ್ಯೆ ಸಾಕು.

"ನೂರು ವರ್ಷಕ್ಕೊಮ್ಮೆ ಬರುವ ನೆರೆ" ಎಂದರೆ ನಮ್ಮ ಕಾಲದಲ್ಲಿ ಬರುವುದಿಲ್ಲ ತಾನೇ?

ಈ ಮಾತಿನಷ್ಟು ಜನರನ್ನು ದಾರಿ ತಪ್ಪಿಸಿದ್ದು ಬೇರೊಂದಿಲ್ಲ. ಪ್ರತಿ ವರ್ಷ ಶೇ. 1ರ ಸಾಧ್ಯತೆ ಎಂದಷ್ಟೇ ಅದರ ಅರ್ಥ. ಅದನ್ನೇ 30 ವರ್ಷಕ್ಕೆ ಹಾಕಿದರೆ ಕನಿಷ್ಠ ಒಂದು ಸಲ ಬರುವ ಸಾಧ್ಯತೆ ಶೇ. 26, 50 ವರ್ಷಕ್ಕೆ ಶೇ. 39, 100 ವರ್ಷಕ್ಕೆ ಶೇ. 63. ಮೇಲಾಗಿ ಇದು ಸಮುದ್ರ ಇದ್ದಲ್ಲೇ ಇರುತ್ತದೆ ಎಂದುಕೊಂಡ ಲೆಕ್ಕ. ಸಮುದ್ರ ಇದ್ದಲ್ಲೇ ಇಲ್ಲ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ ಆರನೇ ವರದಿ ಪ್ರಕಾರ 1901ರಿಂದ 2018ರೊಳಗೆ ಜಗತ್ತಿನ ಸರಾಸರಿ ಸಮುದ್ರ ಮಟ್ಟ 20 ಸೆಂ.ಮೀ ಏರಿದೆ. 2006ರಿಂದ 2018ರ ನಡುವೆ ವರ್ಷಕ್ಕೆ 3.7 ಮಿ.ಮೀ ವೇಗದಲ್ಲಿ ಏರಿದೆ. 2100ರ ಹೊತ್ತಿಗೆ, 1995–2014ರ ಸರಾಸರಿಗೆ ಹೋಲಿಸಿದರೆ, ಭೂಮಿಯನ್ನು ಬಿಸಿ ಮಾಡುವ ಹೊಗೆ ತೀರಾ ಕಡಿಮೆಯಾದರೆ 28ರಿಂದ 55 ಸೆಂ.ಮೀ, ತೀರಾ ಹೆಚ್ಚಾದರೆ 63 ಸೆಂ.ಮೀನಿಂದ 1.01 ಮೀಟರ್ ಏರಿಕೆಯ ಅಂದಾಜಿದೆ. ನೆಲ ಕುಸಿಯುವ ಕಡೆ ಆ ಕುಸಿತವನ್ನೂ ಇದಕ್ಕೆ ಕೂಡಿಸಬೇಕು.

ನ್ಯೂಜಿಲೆಂಡಿನ 2010ರ ಕರಾವಳಿ ನೀತಿ ಅಪಾಯವನ್ನು ಕನಿಷ್ಠ 100 ವರ್ಷದ ದೃಷ್ಟಿಯಿಂದ ನೋಡಬೇಕೆನ್ನುತ್ತದೆ. ಕಟ್ಟಡದ ಆಯುಷ್ಯ 50 ವರ್ಷವಿರಬಹುದು, ಆದರೆ ಒಮ್ಮೆ ಬಡಾವಣೆಯಾದ ಜಾಗ ನೂರಾರು ವರ್ಷ ಬಡಾವಣೆಯಾಗಿಯೇ ಉಳಿಯುತ್ತದೆ.

ಲಾಭ-ವೆಚ್ಚದ ಲೆಕ್ಕ ನಿಷ್ಪಕ್ಷಪಾತ ಅಲ್ಲವೇ? ಅದರಲ್ಲಿ ದುರ್ಬಲರಿಗೆ ಅನ್ಯಾಯ ಎಲ್ಲಿ?

ಒಂದು ಲೆಕ್ಕ ಮಾಡಿಯೇ ನೋಡೋಣ. ಎರಡು ಬೀದಿ, ಹಣ ಇರುವುದು ಒಂದೇ ಗೋಡೆಗೆ. ಮೊದಲನೆಯದರಲ್ಲಿ 40 ದೊಡ್ಡ ಮನೆ; ಗೋಡೆ ಕಟ್ಟಿದರೆ ಪ್ರತಿ ಮನೆಗೆ ತಪ್ಪುವ ನಷ್ಟ 100. ಒಟ್ಟು 4,000. ಎರಡನೆಯದರಲ್ಲಿ 200 ಸಣ್ಣ ಬಾಡಿಗೆ ಮನೆ. ತಪ್ಪುವ ನಷ್ಟ ತಲಾ 8. ಒಟ್ಟು 1,600. ಗೋಡೆ ಮೊದಲ ಬೀದಿಗೇ ಹೋಗುತ್ತದೆ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಆದರೆ ಆಸ್ತಿಯ ಬೆಲೆಯನ್ನೇ ಜನರ ಬೆಲೆ ಎಂದು ಹಿಡಿದಂತಾಯಿತು. ಅಡುಗೆ ಪಾತ್ರೆ, ಹೊಲಿಗೆ ಯಂತ್ರ, ಬಲೆ, ಮಕ್ಕಳ ಪುಸ್ತಕ ಎಲ್ಲ ಕೂಡಿದರೂ 8. ಆದರೆ ಆ ಮನೆಗೆ ಇದ್ದದ್ದೇ ಆ ಎಂಟು.

ಬ್ರಿಟಿಷ್ ಖಜಾನೆಯ 'ಗ್ರೀನ್ ಬುಕ್' ಮಾರ್ಗಸೂಚಿಯಲ್ಲಿ ಇದಕ್ಕೊಂದು ದಾರಿ ಇದೆ. ದೇಶದ ನಡುಮಟ್ಟದ ಆದಾಯವನ್ನು ಆ ಗುಂಪಿನ ಆದಾಯದಿಂದ ಭಾಗಿಸಿ, ಬಂದದ್ದನ್ನು 1.3ರ ಘಾತಕ್ಕೆ ಏರಿಸಿದರೆ ಸಿಗುವುದೇ ತೂಕ. ಎರಡನೇ ಬೀದಿಯವರ ಆದಾಯ ನಡುಮಟ್ಟದ ಅರ್ಧವಿದ್ದರೆ ತೂಕ ಸುಮಾರು 2.46, ಮೊದಲ ಬೀದಿಯವರದ್ದು ಎರಡು ಪಟ್ಟಿದ್ದರೆ ಸುಮಾರು 0.41. ಈಗ ಗುಣಿಸಿ: ಎರಡನೇ ಬೀದಿಗೆ ಸುಮಾರು 3,940, ಮೊದಲನೆಯದಕ್ಕೆ ಸುಮಾರು 1,620. ಅದೇ ಬೀದಿ, ಅದೇ ಅಲೆ, ತೀರ್ಮಾನ ತಿರುಗಿತು. ಇಂಗ್ಲೆಂಡಿನಲ್ಲಿ 2011ರಿಂದ ಬಂದ ನೆರೆ ರಕ್ಷಣಾ ಅನುದಾನದ ನಿಯಮ ಇದೇ ಮಾತನ್ನು ಸರಳ ಮಾಡಿತ್ತು: ಮನೆಗಳಿಗೆ ಆಗುವ ಪ್ರತಿ ಪೌಂಡ್ ಲಾಭಕ್ಕೆ ಅತಿ ಹಿಂದುಳಿದ ಐದನೇ ಒಂದು ಭಾಗದ ಪ್ರದೇಶಗಳಲ್ಲಿ 45 ಪೆನ್ಸ್, ಸ್ಥಿತಿವಂತ ಪ್ರದೇಶಗಳಲ್ಲಿ 20 ಪೆನ್ಸ್.

ಇನ್ನೊಂದು ಬಲೆ ಡಿಸ್ಕೌಂಟ್ ದರದ್ದು, ಅಂದರೆ ಮುಂದೆ ಆಗುವ ನಷ್ಟವನ್ನು ಇವತ್ತಿನ ಬೆಲೆಗೆ ಇಳಿಸಲು ಬಳಸುವ ವಾರ್ಷಿಕ ದರದ್ದು. 60 ವರ್ಷದ ನಂತರ ಆಗುವ 100ರ ನಷ್ಟ, ಶೇ. 7ರ ದರದಲ್ಲಿ ಇವತ್ತಿನ ಲೆಕ್ಕಕ್ಕೆ 1.7 ಮಾತ್ರ. ಶೇ. 3ರಲ್ಲಿ 17. ದರ ಯಾರು ಆರಿಸಿದರು, ಯಾಕೆ ಎಂಬುದು ಕಡತದಲ್ಲಿ ಇಲ್ಲದಿದ್ದರೆ ಮೊಮ್ಮಕ್ಕಳ ಪಾಲನ್ನು ಯಾರೋ ಸದ್ದಿಲ್ಲದೆ ಅಳಿಸಿದ್ದಾರೆ ಎಂದೇ ತಿಳಿಯಿರಿ.

ಹೀಗೆ ತೂಕ ಹಾಕುವುದೂ ಒಂದು ಪಕ್ಷಪಾತವೇ ಅಲ್ಲವೇ?

ತೂಕ ಹಾಕದಿರುವುದೂ ಒಂದು ತೂಕವೇ. ಎಲ್ಲರ ರೂಪಾಯಿಯೂ ಸಮ ಎಂದು ಹಾಕಿದ ತೂಕ. ತೂಕ ಸಹಿತ, ತೂಕ ರಹಿತ ಎರಡೂ ಉತ್ತರಗಳನ್ನು ಅಕ್ಕಪಕ್ಕದಲ್ಲಿ ಮುದ್ರಿಸಿ. ಎರಡೂ ಒಂದೇ ಕಡೆ ಬೆರಳು ಮಾಡಿದರೆ ಚರ್ಚೆ ಮುಗಿಯಿತು. ಬೇರೆ ಬೇರೆ ಬಂದರೆ ತೀರ್ಮಾನ ಚುನಾಯಿತರದ್ದು, ಲೆಕ್ಕ ಮಾಡುವವರದ್ದಲ್ಲ. ಜೀವಹಾನಿಯನ್ನು ಮಾತ್ರ ಈ ತಕ್ಕಡಿಗೆ ಹಾಕಬೇಡಿ. ಅದಕ್ಕೆ ಮೊದಲೇ ಒಂದು ಮಿತಿ ಇಟ್ಟು, ಮಿತಿ ದಾಟುವ ಆಯ್ಕೆಗಳನ್ನು ಲೆಕ್ಕಕ್ಕೆ ಮುಂಚೆಯೇ ಕೈಬಿಡಿ.

ಗಟ್ಟಿ ತಡೆಗೋಡೆ ಕಟ್ಟಿಬಿಟ್ಟರೆ ಎಲ್ಲರಿಗೂ ಒಳ್ಳೆಯದಲ್ಲವೇ?

ಗೋಡೆಯ ಹಿಂದಿನವರಿಗೆ ಕೆಲವು ಕಾಲ ಒಳ್ಳೆಯದು. ಗೋಡೆಗೆ ಬಡಿದ ಅಲೆ ಬುಡದ ಮರಳನ್ನು ಎಳೆದೊಯ್ಯುತ್ತದೆ, ಮುಂದಿನ ದಡ ಸಣ್ಣದಾಗುತ್ತದೆ. ದೋಣಿ ಎಳೆಯುವ, ಬಲೆ ಹರಡುವ ಜಾಗ ಮೊದಲು ಹೋಗುತ್ತದೆ. ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಜೋರಾಗುತ್ತದೆ. ಆ ತುದಿಯಲ್ಲಿ ಸಾಮಾನ್ಯವಾಗಿ ಯಾರ ಮನೆ ಇರುತ್ತದೆ? ಅಂದಾಜು ಹಣ ಮುಗಿದಲ್ಲಿಗೆ ಗೋಡೆ ನಿಲ್ಲುತ್ತದೆ, ಒತ್ತಡ ಹಾಕಲು ಬಾರದವರ ಮನೆ ಅದರಾಚೆ ಉಳಿಯುತ್ತದೆ. ಆದ್ದರಿಂದ ಗೋಡೆಯ ಎರಡೂ ತುದಿಯಾಚೆ ಮುಂದಿನ ಕೊರೆತದ ಅಂದಾಜು ಮಾಡದೆ ಅನುಮತಿ ಕೊಡಬಾರದು. ಅಲ್ಲಿನವರ ನಷ್ಟವನ್ನು ಗೋಡೆಯ ಖರ್ಚಿಗೇ ಸೇರಿಸಬೇಕು.

ಒಳಗಡೆಯ ಕತೆ ಬೇರೆ. ಗೋಡೆ ಸಮುದ್ರವನ್ನು ತಡೆದಂತೆ ಮಳೆನೀರನ್ನೂ ಒಳಗೇ ಹಿಡಿದಿಡುತ್ತದೆ. ಹೊರಬಿಡುವ ತೂಬಿನ ಬಾಗಿಲು ಉಬ್ಬರದಲ್ಲಿ ಮುಚ್ಚಿಕೊಳ್ಳುತ್ತದೆ, ಕಸ ಸಿಕ್ಕಿದರೆ ಇಳಿತದಲ್ಲೂ ತೆರೆಯುವುದಿಲ್ಲ. ಪಂಪಿಗೆ ಡೀಸೆಲ್ ಯಾರು ತುಂಬುತ್ತಾರೆ, ತೂಬನ್ನು ಯಾರು ತಿಂಗಳಿಗೊಮ್ಮೆ ಬಿಡಿಸುತ್ತಾರೆ ಎಂದು ಬರೆದಿಡದ ಯೋಜನೆ ಅರ್ಧ ಯೋಜನೆ.

ಗೋಡೆಯ ನಂಬಿಕೆಯಲ್ಲಿ ತಗ್ಗಿನಲ್ಲಿ ಮನೆ ಏಳುವುದು ಎಲ್ಲಕ್ಕಿಂತ ಕೆಟ್ಟದ್ದು. 2010ರ ಫೆಬ್ರವರಿ 28ರ ನಸುಕಿನಲ್ಲಿ ಕ್ಸಿಂಥಿಯಾ ಬಿರುಗಾಳಿ ಫ್ರಾನ್ಸಿನ ಲಾ ಫೋತ್-ಸುರ್-ಮೇರ್ ಊರಿಗೆ ಸಮುದ್ರವನ್ನು ನುಗ್ಗಿಸಿ 29 ಜನರನ್ನು ಕೊಂದಿತು. ಒಡ್ಡಿನ ಹಿಂದೆ ತಗ್ಗಿನಲ್ಲಿದ್ದ ಒಂದೇ ಅಂತಸ್ತಿನ ಮನೆಗಳು. ಹತ್ತಿ ಕೂರಲು ಮಹಡಿ ಇಲ್ಲ. ಕರೆಂಟು ಹೋದಾಗ ಮೋಟಾರಿನ ಶಟರ್‌ಗಳು ತೆರೆಯದೆ ಜನ ಒಳಗೇ ಸಿಕ್ಕಿಕೊಂಡರು. ಮೆಟ್ಟಿಲು ಹತ್ತಲು ಕಷ್ಟವೆಂದು ವಯಸ್ಸಾದವರು ಇಷ್ಟಪಡುವುದು ಇಂಥ ಮನೆಗಳನ್ನೇ.

ವೃದ್ಧಾಶ್ರಮ, ಶಾಲೆ, ಆಸ್ಪತ್ರೆಗೆ ಅಪಾಯ ವಲಯದಲ್ಲಿ ಅನುಮತಿ ಕೊಡಬಹುದೇ? "ತೆರವು ಯೋಜನೆ ಇದೆ" ಎಂದು ಅರ್ಜಿದಾರರು ಹೇಳುತ್ತಾರೆ.

ತೆರವು ಯೋಜನೆಯನ್ನು ಕಾಗದದಲ್ಲಿ ನೋಡಬೇಡಿ, ಗಡಿಯಾರದಲ್ಲಿ ನೋಡಿ. 40 ಮಂದಿ ಇರುವ ಆಶ್ರಮ ಎಂದುಕೊಳ್ಳಿ. ಅದರಲ್ಲಿ 15 ಜನರನ್ನು ಗಾಲಿಕುರ್ಚಿಯಲ್ಲೋ ಸ್ಟ್ರೆಚರಿನಲ್ಲೋ ಒಯ್ಯಬೇಕು. ವಾಹನಕ್ಕೆ ಒಂದು ಸಲಕ್ಕೆ ಇಬ್ಬರು. ಹತ್ತಿಸಿ, ಇಳಿಸಿ, ವಾಪಸು ಬರಲು 50 ನಿಮಿಷ. ಎಂಟು ಸುತ್ತು, ಅಂದರೆ 400 ನಿಮಿಷ, ಆರೂ ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ. ಮುನ್ಸೂಚನೆ ಸಿಗುವುದು ಉಬ್ಬರದ ತುದಿಗೆ 6 ಗಂಟೆ ಮೊದಲು ಎನ್ನೋಣ. ಹೊರಡಬೇಕೋ ಬೇಡವೋ ಎಂದು ತೀರ್ಮಾನಿಸಿ ಸಿಬ್ಬಂದಿಯನ್ನು ಕರೆಸಲು 2 ಗಂಟೆ ಹೋಯಿತು. ಉಬ್ಬರದ ತುದಿಗೆ ಒಂದು ಗಂಟೆ ಮುಂಚೆಯೇ ರಸ್ತೆ ಮುಳುಗುತ್ತದೆ. ಉಳಿದದ್ದು 3 ಗಂಟೆ. ಒಂದು ವಾಹನದ ಯೋಜನೆ ಇಲ್ಲಿಗೇ ಬಿತ್ತು. ಮೂರು ವಾಹನವಿದ್ದರೆ ಎರಡೂವರೆ ಗಂಟೆ. ಅದೂ ಮೂವರು ಚಾಲಕರು ನಡುರಾತ್ರಿ ಮಳೆಯಲ್ಲಿ ಬಂದರೆ. ಬಹಳ ಕಡೆ ಆಗುವುದೇನೆಂದರೆ, ನಾಲ್ಕು ಸಂಸ್ಥೆಗಳ ಯೋಜನೆಯಲ್ಲಿ ಅದೇ ಒಂದು ಆಂಬುಲೆನ್ಸಿನ ಹೆಸರು ಇರುತ್ತದೆ.

ನಡೆಯಬಲ್ಲವರ ಲೆಕ್ಕವನ್ನೂ ಹೀಗೇ ಮಾಡಿ. ಆಶ್ರಯ ತಾಣ 1.5 ಕಿ.ಮೀ ದೂರ. ಸೆಕೆಂಡಿಗೆ 1.3 ಮೀ ನಡೆಯುವವರಿಗೆ 19 ನಿಮಿಷ. ಕೋಲೂರಿ ಸೆಕೆಂಡಿಗೆ 0.6 ಮೀ ನಡೆಯುವವರಿಗೆ 42 ನಿಮಿಷ, ನಡುವೆ ಕೂತು ಸುಧಾರಿಸಿಕೊಳ್ಳುವುದು ಬೇರೆ.

ಒಟ್ಟಿನಲ್ಲಿ ತಾವಾಗಿ ಹೊರಡಲಾಗದವರನ್ನು ಹೊಸದಾಗಿ ತಂದಿಡುವ ಕಟ್ಟಡಕ್ಕೆ ಅಪಾಯ ವಲಯದಲ್ಲಿ ಅನುಮತಿ ಬೇಡ ಎಂಬುದೇ ನಮ್ಮ ಅಭಿಪ್ರಾಯ. ಈಗಾಗಲೇ ಇರುವುದಕ್ಕೆ ಎತ್ತರದ ಮಹಡಿ, ಇಳಿಜಾರು ದಾರಿ, ಮೇಲಂತಸ್ತಿನಲ್ಲಿ ಜನರೇಟರ್ ಇರಲಿ. ಜನರೇಟರನ್ನು ನೆಲಮಾಳಿಗೆಯಲ್ಲಿಟ್ಟರೆ ನೀರು ಮೊದಲು ನುಗ್ಗುವುದು ಅದಕ್ಕೇ.

"ಅಪಾಯ ಗೊತ್ತಿದ್ದೇ ಇದ್ದೇನೆ, ನನ್ನ ಪಾಡಿಗೆ ಬಿಡಿ" ಎಂದು ಹಿರಿಯರೊಬ್ಬರು ಹೇಳಿದರೆ?

ಆ ಮಾತಿಗೆ ಗೌರವ ಕೊಡಬೇಕು. ದುರ್ಬಲರೆಂದರೆ ಬುದ್ಧಿ ಇಲ್ಲದವರಲ್ಲ. ಆದರೆ ಅವರ ಒಪ್ಪಿಗೆ ಅವರಿಗೆ ಮಾತ್ರ ಅನ್ವಯ. ಅದೇ ಮನೆಯ ಮೊಮ್ಮಗುವಿಗಲ್ಲ, ರಾತ್ರಿ ಹಗ್ಗ ಹಿಡಿದು ಇಳಿಯುವ ರಕ್ಷಣಾ ಸಿಬ್ಬಂದಿಗಲ್ಲ, ನಾಳೆ ಆ ಮನೆ ಕೊಳ್ಳುವವರಿಗೂ ಅಲ್ಲ. ಇದಕ್ಕೊಂದು ನಡುದಾರಿ: ಅವರಿಗೆ ಜೀವಿತಾವಧಿಯ ವಾಸದ ಹಕ್ಕು ಕೊಟ್ಟು, ವಿಸ್ತರಣೆ ಮತ್ತು ಮರುನಿರ್ಮಾಣ ನಿಲ್ಲಿಸಿ, ಜಾಗದ ದಾಖಲೆಯಲ್ಲಿ ಅಪಾಯವನ್ನು ನಮೂದಿಸುವುದು. ಇರಲು ಬಿಟ್ಟಿದ್ದೇವೆಂದು ನೀರು, ವಿದ್ಯುತ್, ರಸ್ತೆ ದುರಸ್ತಿ ನಿಲ್ಲಿಸಿದರೆ ಅದು ಒಪ್ಪಿಗೆಯಲ್ಲ, ಕತ್ತು ಹಿಡಿದು ದಬ್ಬುವುದು.

ಸ್ಥಳಾಂತರವೇ ಶಾಶ್ವತ ಪರಿಹಾರ ಅಲ್ಲವೇ?

ಕೆಲವೆಡೆ ಹೌದು. ಆದರೆ ಅಲೆಯಿಂದ ಉಳಿಸಿ ಹಸಿವಿಗೆ ಒಪ್ಪಿಸಿದ ಸ್ಥಳಾಂತರಗಳೂ ಇವೆ.

ಘೋಷಣೆಯೇ ಮೊದಲ ಪೆಟ್ಟು. ವೇಲ್ಸಿನ ಫೇರ್‌ಬರ್ನ್ ಹಳ್ಳಿಯ ರಕ್ಷಣೆಯನ್ನು 2050ರ ದಶಕದಲ್ಲಿ ನಿಲ್ಲಿಸುವುದೆಂದು ಯೋಜನೆಯಲ್ಲಿ ಬಂದದ್ದೇ ತಡ, ನೀರು ಬರುವ ಮೊದಲೇ ಮನೆಗಳ ಬೆಲೆ ಕುಸಿಯಿತು, ಸಾಲ ಸಿಗುವುದು ಕಷ್ಟವಾಯಿತು. ಇಂಥಲ್ಲಿ ಉಳ್ಳವರು ಸಿಕ್ಕಿದ ಬೆಲೆಗೆ ಮಾರಿ ಹೋಗುತ್ತಾರೆ, ಇಲ್ಲದವರು ಉಳಿಯುತ್ತಾರೆ. ಪರಿಹಾರದ ದಾರಿ ತೋರಿಸದೆ ದಿನಾಂಕ ಮಾತ್ರ ಪ್ರಕಟಿಸಬಾರದು.

ಹಣ ಬಂದರೂ ಹೊತ್ತು ಹಿಡಿಯುತ್ತದೆ. ಲೂಸಿಯಾನದ ಐಲ್ ದ ಜಾನ್ ಶಾರ್ಲ್ ದ್ವೀಪದ ಮೂಲನಿವಾಸಿಗಳಿಗಾಗಿ 2016ರಲ್ಲಿ 4.83 ಕೋಟಿ ಡಾಲರ್ ಅನುದಾನ ಘೋಷಣೆಯಾಯಿತು. ಮೊದಲ ಕುಟುಂಬಗಳು ಹೊಸ ಮನೆಗೆ ಹೋದದ್ದು 2022ರಲ್ಲಿ.

ಜೀವನೋಪಾಯವಂತೂ ಎಲ್ಲಕ್ಕಿಂತ ದೊಡ್ಡ ಗಂಟು. ಫಿಜಿಯ ವುನಿದೋಗೋಲೋವಾ ಹಳ್ಳಿ 2014ರಲ್ಲಿ ಸುಮಾರು 2 ಕಿ.ಮೀ ಒಳಕ್ಕೆ, ತನ್ನದೇ ಜನರ ಭೂಮಿಗೆ ಹೋಯಿತು. ಸಮುದ್ರ ಕೈಗೆಟಕುವಷ್ಟು ಹತ್ತಿರವೇ ಉಳಿಯಿತು. ಹಾಗಿದ್ದೂ ಕೊಟ್ಟ ಮನೆಗಳಲ್ಲಿ ಅಡುಗೆಮನೆ ಇರಲಿಲ್ಲ. ನಕ್ಷೆ ಬರೆಯುವಾಗ ಹೆಂಗಸರನ್ನು ಕೇಳಿದ್ದರೆ ಮೊದಲ ದಿನವೇ ಹೊರಬೀಳುವ ಕೊರತೆ. ಒಡಿಶಾದ ಸಾತಭಾಯದ 571 ಕುಟುಂಬಗಳು ಬಾಗಪಾಟಿಯಾಕ್ಕೆ ಹೋದ ಮೇಲೆ ಮೀನು, ಬೇಸಾಯ ಎರಡೂ ದೂರವಾಗಿ ದುಡಿಯುವವರು ಹೊರ ರಾಜ್ಯಗಳಿಗೆ ಹೊರಟರು.

ಒಪ್ಪಿಗೆ ಕೇಳುವ ಮೊದಲು ಇಷ್ಟು ತೋರಿಸಿ: ಹೊಸ ಜಾಗದ ಹಕ್ಕುಪತ್ರ ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲಿ, ಬಾಡಿಗೆದಾರರಿಗೂ ದಾಖಲೆ ಇಲ್ಲದವರಿಗೂ ಪಾಲು, ದೋಣಿ ನಿಲ್ಲಿಸುವ ಜಾಗಕ್ಕೆ ಹೋಗಿಬರುವ ಖರ್ಚು, ನೆರೆಹೊರೆ ಒಡೆಯದಂತೆ ಮನೆಗಳ ಹಂಚಿಕೆ. ಮುದುಕರಿಗೆ ಗಂಜಿ ತಂದುಕೊಡುತ್ತಿದ್ದ ಪಕ್ಕದ ಮನೆಯವರನ್ನು ಬೇರೆ ಸಾಲಿಗೆ ಹಾಕಿದರೆ ಯಾವ ಇಲಾಖೆಯೂ ಅದನ್ನು ತುಂಬಿಕೊಡಲಾರದು.

ಎಲ್ಲವನ್ನೂ ಈಗಲೇ ತೀರ್ಮಾನಿಸಬೇಕೇ?

ಬೇಡ. ಗುರುತುಗಲ್ಲು ಇಟ್ಟುಕೊಳ್ಳಿ. ಲಂಡನ್ನಿನ ಥೇಮ್ಸ್ ಅಳಿವೆಯ 2100ರ ಯೋಜನೆ ಹೀಗೇ ನಡೆಯುತ್ತದೆ: ಸಮುದ್ರ ಇಷ್ಟು ಏರಿದರೆ ಮುಂದಿನ ಹೆಜ್ಜೆ ಎಂದು ಮೊದಲೇ ಬರೆದಿಟ್ಟಿದ್ದಾರೆ.

ಉದಾಹರಣೆಗೆ, 30 ಸೆಂ.ಮೀ ಏರಿದರೆ ಒಂದು ಬೀದಿಯಲ್ಲಿ ವಾಸ ಅಸಾಧ್ಯ ಎನ್ನೋಣ. ವರ್ಷಕ್ಕೆ 8 ಮಿ.ಮೀ ಏರಿಕೆ. ಜಾಗ ಹುಡುಕಿ, ಹಣ ತಂದು, ಮನೆ ಕಟ್ಟಲು 12 ವರ್ಷ ಬೇಕು. ಅಷ್ಟರಲ್ಲಿ ಸಮುದ್ರ ಸುಮಾರು 10 ಸೆಂ.ಮೀ ಏರಿರುತ್ತದೆ. ಅಂದರೆ ಕೆಲಸ ಶುರುವಾಗಬೇಕಾದದ್ದು 20ಕ್ಕೆ. ದುರ್ಬಲ ಕುಟುಂಬಗಳಿಗೆ ದಾಖಲೆ, ಸಾಲ, ಹೊಸ ಕೆಲಸ ಎಲ್ಲಕ್ಕೂ ಹೆಚ್ಚು ಕಾಲ ಹಿಡಿಯುವುದರಿಂದ ಅವರ ಬೀದಿಯ ಗುರುತುಗಲ್ಲು ಇನ್ನೂ ಮೊದಲಿರಬೇಕು. ಸರಾಸರಿ ಕುಟುಂಬಕ್ಕೆ ಇಟ್ಟ ಗುರುತು ಅವರಿಗೆ ತಡವೇ. ಬಾವಿ ನೀರು ಉಪ್ಪಾಗುವುದು, ವರ್ಷದಲ್ಲಿ ಎಷ್ಟು ದಿನ ರಸ್ತೆ ಮುಳುಗಿತು ಎಂಬ ಲೆಕ್ಕ, ಇವೂ ಒಳ್ಳೆಯ ಗುರುತುಗಳು, ಜನರೇ ಅಳೆಯಬಹುದು.

ಸಾರ್ವಜನಿಕ ಸಭೆ ಕರೆದಿದ್ದೇವೆ, ಯಾರೂ ಬರಲಿಲ್ಲ. ಇನ್ನೇನು ಮಾಡಬೇಕು?

ಸಭೆ ಯಾವ ಹೊತ್ತಿಗಿತ್ತು ನೋಡಿ. ಕೂಲಿಯ ಹೊತ್ತಿನಲ್ಲಿ, ಮೆಟ್ಟಿಲಿರುವ ಕಟ್ಟಡದಲ್ಲಿ, 200 ಪುಟದ ವರದಿ ಮುಂದಿಟ್ಟರೆ ಬರುವವರು ವಕೀಲರನ್ನು ಇಟ್ಟುಕೊಂಡವರೇ. ಅವರವರ ಬೀದಿಗೆ ಹೋಗಿ, ಹೆಂಗಸರಿಗೆ ಬೇರೆ ಸಭೆ ಮಾಡಿ, ನಡೆಯಲಾಗದವರ ಮನೆಗೇ ಹೋಗಿ. ನೀರು ಎಲ್ಲಿಗೆ ಬರುತ್ತದೆ ಎಂಬುದನ್ನು ವಿದ್ಯುತ್ ಕಂಬಕ್ಕೆ ಬಣ್ಣ ಬಳಿದು ತೋರಿಸಿ. ಸೆಂಟಿಮೀಟರಿನ ಪಟ್ಟಿಗಿಂತ ಸೊಂಟದ ಎತ್ತರದ ಗೆರೆ ಬೇಗ ಅರ್ಥವಾಗುತ್ತದೆ. ಬಂದ ಆಕ್ಷೇಪಗಳನ್ನು ತಲೆ ಎಣಿಸಿ ತೂಗಬೇಡಿ. ಒಂದೇ ಮಾದರಿಯ 300 ಪತ್ರಕ್ಕಿಂತ, ಆಕ್ಸಿಜನ್ ಯಂತ್ರದ ಮೇಲಿರುವ ಒಬ್ಬರ ಒಂದು ಪತ್ರದಲ್ಲಿ ಹೆಚ್ಚು ವಿಷಯವಿರಬಹುದು.

ತೀರ್ಮಾನ ನಮ್ಮ ವಿರುದ್ಧ ಬಂದಿದೆ. ಆಕ್ಷೇಪದಲ್ಲಿ ಏನು ಕೇಳಬೇಕು?

"ಅನ್ಯಾಯವಾಗಿದೆ" ಎಂದು ಬರೆದರೆ ಕಡತ ಅಲುಗಾಡುವುದಿಲ್ಲ. ದಾಖಲೆ ಕೇಳಿ. ನಮ್ಮ ಬೀದಿಯ ಮನೆಮನೆ ಎಣಿಕೆ ಯಾವ ತಿಂಗಳು, ಯಾವ ಹೊತ್ತಿನಲ್ಲಿ ನಡೆಯಿತು? ಮಕ್ಕಳು ಮತ್ತು ವೃದ್ಧರ ಮಿತಿಯ ಗೆರೆ ನಕ್ಷೆಯಲ್ಲಿ ಎಲ್ಲಿದೆ? ಬಳಸಿದ ಡಿಸ್ಕೌಂಟ್ ದರ ಎಷ್ಟು, ತೂಕ ಹಾಕಿದ ಲೆಕ್ಕ ಎಲ್ಲಿ? ಕೈಬಿಟ್ಟ ಆಯ್ಕೆಗಳು ಯಾವುವು, ಪ್ರತಿಯೊಂದರಿಂದ ಯಾರಿಗೆ ಎಷ್ಟು ನಷ್ಟವಿತ್ತು? ತೆರವಿಗೆ ಬೇಕಾದ ನಿಮಿಷಗಳ ಲೆಕ್ಕ ಯಾರು ಮಾಡಿದರು? ಗೋಡೆಯ ತುದಿಯಾಚೆಯ ಕೊರೆತದ ಅಂದಾಜು ಇದೆಯೇ? ಉತ್ತರ ಲಿಖಿತವಾಗಿ ಬರಲಿ. ಇವುಗಳಲ್ಲಿ ಎರಡು ಪ್ರಶ್ನೆಗೆ ಉತ್ತರವಿಲ್ಲದಿದ್ದರೂ ತೀರ್ಮಾನವನ್ನು ಮರುಪರಿಶೀಲನೆಗೆ ಕೇಳಲು ಗಟ್ಟಿ ಆಧಾರ ಸಿಕ್ಕಂತೆ. ಅರ್ಜಿಯ ಜೊತೆ ನಿಮ್ಮ ಬೀದಿಯ ನೀರಿನ ಗುರುತಿನ ಫೋಟೋ ಇಡಿ. ಪಕ್ಕದಲ್ಲಿ ಅಳತೆಪಟ್ಟಿ ಹಿಡಿದಿರಲಿ, ದಿನಾಂಕ ಮತ್ತು ಉಬ್ಬರದ ಹೊತ್ತು ಬರೆದಿರಲಿ.